ಮೂರನೇ ಗೇರಿನಲ್ಲಿ ಸಿಕ್ಕಿಕೊಂಡ ಕಾರು

ಧರ್ಮಪುರಿಯಿಂದ ಸೇಲಂಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಸಿಗುತ್ತದೆ. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋದವರು ನೋಡಿರುತ್ತೀರಿ. ಭಾರ ಹೊತ್ತ ಲಾರಿಗಳು ಸೇಲಂ ಕಡೆಗೆ ಇಳಿಯುವಾಗ ಇಂಜಿನ್ ಗುರುಗುಟ್ಟಿಸುತ್ತ, ಆಮೆಯ ಹಾಗೆ ಬರುತ್ತವೆ. ಬ್ರೇಕ್ ಹಿಡಿಯದೆ ಅಲ್ಲಿ ಆದ ಅಪಘಾತಗಳ ಸುದ್ದಿಯನ್ನು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೇವೆ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇರಬೇಕು ಅನ್ನುವುದು ಆ ರಸ್ತೆಯಲ್ಲಿ ಜೀವದ ಪ್ರಶ್ನೆ.

ನನ್ನ ಸೋದರಮಾವ ವಾರಕ್ಕೆ ಮೂರು ಸಲ ಆ ಘಾಟಿ ಇಳಿದು ಹತ್ತುತ್ತಾರೆ. ಮಗ್ಗದಿಂದ ಇಳಿಸಿದ ಸೀರೆಗಳನ್ನು ಸೇಲಂನ ಅಂಗಡಿಗಳಿಗೆ ಕೊಟ್ಟು ಬರುವುದು ಅವರ ಕಸುಬು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಎಡಗಾಲಿಗೆ ಬಲವಿಲ್ಲ. ಸಾಮಾನ್ಯ ಕಾರಿನಲ್ಲಿ ಗೇರ್ ಬದಲಿಸಬೇಕಾದರೆ ಪ್ರತಿ ಸಲವೂ ಎಡಗಾಲಿನಿಂದ ಕ್ಲಚ್ ಒತ್ತಬೇಕು. ಅದು ಅವರಿಂದ ಆಗದ ಕೆಲಸ. ಅದಕ್ಕೇ ಸಾಲ ಮಾಡಿ ಒಂದು ಹಳೆಯ ಆಟೊಮ್ಯಾಟಿಕ್ ಕಾರು ಕೊಂಡಿದ್ದರು. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ. ಬಲಗಾಲು ಒಂದಿದ್ದರೆ ಸಾಕು.

ಒಂದು ದಿನ ಸೇಲಂನಿಂದ ವಾಪಸು ಬರುವಾಗ ಘಾಟಿ ಹತ್ತುತ್ತಿದ್ದ ಹಾಗೆ ಕಾರು ಬಲ ಕಳೆದುಕೊಂಡಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಸರಿ. ಹತ್ತು ಕಿಲೊಮೀಟರ್ ಹೋದ ಮೇಲೆ ಮತ್ತೆ ಅದೇ ಕಥೆ. ಬೆಳಿಗ್ಗೆ ತಣ್ಣಗಿರುವಾಗ ಏನೂ ತೊಂದರೆ ಇಲ್ಲ, ಬಿಸಿಯಾದ ಮೇಲೆ ತೊಂದರೆ. ಒಂದು ವರ್ಕ್‌ಶಾಪಿನಲ್ಲಿ ತೋರಿಸಿದಾಗ, “ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬಿಚ್ಚಬೇಕು” ಅಂದರು. ಅವರು ಹೇಳಿದ ಮೊತ್ತ ಕೇಳಿ ಮಾವ ಮಾತೇ ಆಡಲಿಲ್ಲ. ಕಾರಿನ ಸಾಲವೇ ಇನ್ನೂ ತೀರಿರಲಿಲ್ಲ.

ಆ ಕಾರಿಗೆ ನಿಜವಾಗಿ ಏನಾಗಿತ್ತು? ಅದನ್ನು ಹುಡುಕಲು ಬೇಕಾದ ವಿಜ್ಞಾನವೆಲ್ಲ ನಿಮ್ಮ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಆದರೆ ಅದನ್ನು ಪಾಠ ಮಾಡುವ ನಾನೇ ಒಂದು ಕಡೆ ಎಡವಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಗೇರ್ ಯಾಕೆ ಬೇಕು?

ಗೇರ್ ಇರುವ ಸೈಕಲ್ ತುಳಿದಿದ್ದೀರಾ? ಏರಿನಲ್ಲಿ ಸುಲಭದ ಗೇರ್ ಹಾಕಿದರೆ ಕಾಲು ತುಂಬ ಸಲ ತಿರುಗುತ್ತದೆ, ಸೈಕಲ್ ಮೆಲ್ಲಗೆ ಹೋಗುತ್ತದೆ, ಆದರೆ ಏರುತ್ತದೆ. ಸಮತಟ್ಟಿನಲ್ಲಿ ಗಟ್ಟಿ ಗೇರ್ ಹಾಕಿದರೆ ವೇಗ ಸಿಗುತ್ತದೆ. ಕಾರಿನ ಕಥೆಯೂ ಇದೇ. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದು ಮೊದಲನೇ ಗೇರಿನ ಕೆಲಸ.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಬಹಳ ಬಳಕೆಯಲ್ಲಿದ್ದ ಒಂದು ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಗೇರ್ ಅನುಪಾತ ಮೊದಲನೆಯದಕ್ಕೆ 3.06, ಎರಡನೆಯದಕ್ಕೆ 1.63, ಮೂರನೆಯದಕ್ಕೆ 1.00, ನಾಲ್ಕನೆಯದಕ್ಕೆ 0.70. ಅಂದರೆ ಮೊದಲನೇ ಗೇರಿನಲ್ಲಿ ಇಂಜಿನ್ ಕಡೆಯ ತಿರುಗುಬಲ ಮೂರು ಪಟ್ಟಾಗಿ ಹೊರಬರುತ್ತದೆ. ಮೂರನೇ ಗೇರಿನಲ್ಲಿ ಬಂದಷ್ಟೇ ಹೊರಗೆ. ಹಾಗಾಗಿ ಕಾರು ಮೂರನೇ ಗೇರಿನಲ್ಲಿ ಸಿಕ್ಕಿಕೊಂಡರೆ ಏರಿನಲ್ಲಿ ಅದಕ್ಕೆ ಸಿಗುವ ಎಳೆತ ಮೊದಲನೇ ಗೇರಿನ ಮೂರನೇ ಒಂದು ಪಾಲು ಮಾತ್ರ. ಮಾವನ ಕಾರಿನದೂ ಇಂಥದೇ ನಾಲ್ಕು ಗೇರಿನ ಪೆಟ್ಟಿಗೆ.

ಕಾಲಿನ ಬದಲು ಎಣ್ಣೆ, ಕೈಯ ಬದಲು ಕರೆಂಟು

ಎರಡು ಟೇಬಲ್ ಫ್ಯಾನುಗಳನ್ನು ಎದುರೆದುರು ಇಡಿ. ಒಂದನ್ನು ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗಲು ಶುರುಮಾಡುತ್ತದೆ, ಅಲ್ಲವೇ? ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿನ ಜಾಗದಲ್ಲಿ ಇರುವ ‘ಟಾರ್ಕ್ ಕನ್ವರ್ಟರ್’ ಹೀಗೇ ಕೆಲಸ ಮಾಡುತ್ತದೆ. ಗಾಳಿಯ ಬದಲು ಅಲ್ಲಿ ಎಣ್ಣೆ ಇದೆ. ಇಂಜಿನ್ ಒಂದು ಚಕ್ರವನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗಿ ಗೇರ್‌ಬಾಕ್ಸನ್ನು ನಡೆಸುತ್ತದೆ. ಕಾರು ನಿಂತಾಗ ಇಂಜಿನ್ ಆರಿಹೋಗದಿರಲು ಇದೇ ಕಾರಣ.

ಗೇರ್ ಬದಲಾವಣೆಗೂ ಎಣ್ಣೆಯ ಒತ್ತಡವೇ ಬಲ. ಪೆಟ್ಟಿಗೆಯ ಒಳಗೆ ಕೆಲವು ಕ್ಲಚ್ ತಟ್ಟೆಗಳ ಗುಂಪುಗಳಿವೆ. ಯಾವ ಗುಂಪಿಗೆ ಎಣ್ಣೆಯ ಒತ್ತಡ ಕೊಟ್ಟು ಬಿಗಿಹಿಡಿಸುತ್ತೇವೆ ಎಂಬುದರ ಮೇಲೆ ಗೇರ್ ನಿರ್ಧಾರವಾಗುತ್ತದೆ. ಜನರಲ್ ಮೋಟರ್ಸ್ 1939ರಲ್ಲಿ ‘ಹೈಡ್ರಾ-ಮ್ಯಾಟಿಕ್’ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮಾರುಕಟ್ಟೆಗೆ ತಂದಾಗ ಎಣ್ಣೆಯ ದಾರಿಗಳನ್ನು ತೆರೆದು ಮುಚ್ಚುವ ಕೆಲಸವೂ ಎಣ್ಣೆಯ ಒತ್ತಡದ್ದೇ ಆಗಿತ್ತು. 1980ರ ದಶಕದಿಂದ ಈಚೆಗೆ ಆ ತೀರ್ಮಾನವನ್ನು ಒಂದು ಪುಟ್ಟ ಕಂಪ್ಯೂಟರ್ ತೆಗೆದುಕೊಳ್ಳುವ ಪದ್ಧತಿ ಹರಡಿತು. ನಮ್ಮ ದೇಶದಲ್ಲಿ 2014ರಲ್ಲಿ ಬಂದ ಮಾರುತಿ ಸೆಲೆರಿಯೊ ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. ಅದಕ್ಕೆ ಎಎಂಟಿ ಅಂತಾರೆ. ಯಾವ ಬಗೆಯದಾದರೂ ಈಗ ಅಪ್ಪಣೆ ಕೊಡುವುದು ಕಂಪ್ಯೂಟರ್, ಅಪ್ಪಣೆ ಹೊತ್ತು ಹೋಗುವುದು ವೈರು.

ಕಂಪ್ಯೂಟರಿಗೆ ಕಣ್ಣು ಕಿವಿ ಎಂದರೆ ಸೆನ್ಸರ್‌ಗಳು. ಗೇರ್‌ಬಾಕ್ಸಿನ ಒಳಬರುವ ದಂಡ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಹೊರಹೋಗುವ ದಂಡ ಎಷ್ಟು ವೇಗ, ಎಣ್ಣೆ ಎಷ್ಟು ಬಿಸಿ, ಗೇರ್ ಹಿಡಿ ಯಾವ ಸ್ಥಾನದಲ್ಲಿದೆ ಅನ್ನುವುದನ್ನು ಅವು ತಿಳಿಸುತ್ತವೆ. ಕಂಪ್ಯೂಟರಿನ ಕೈ ಎಂದರೆ ಸೊಲೆನಾಯ್ಡ್. ತಾಮ್ರದ ತಂತಿಯ ಸುರುಳಿ, ಅದರ ನಡುವೆ ಜಾರುವ ಕಬ್ಬಿಣದ ಕಡ್ಡಿ, ಅಷ್ಟೇ. ಸುರುಳಿಯಲ್ಲಿ ಕರೆಂಟು ಹರಿದಾಗ ಅದು ಆಯಸ್ಕಾಂತವಾಗಿ ಕಡ್ಡಿಯನ್ನು ಎಳೆಯುತ್ತದೆ, ಎಣ್ಣೆಯ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು 1820ರಲ್ಲಿ ಆರ್ಸ್ಟೆಡ್ ಕಂಡ ಪಾಠ ನೆನಪಿದೆಯಾ? ಅದೇ ತತ್ವ ಇಲ್ಲಿ ಗೇರ್ ಹಾಕುತ್ತಿದೆ.

ಎರಡು ಸ್ವಿಚ್ಚು, ನಾಲ್ಕು ಗೇರು

ನಾಲ್ಕು ಗೇರಿಗೆ ನಾಲ್ಕು ಸೊಲೆನಾಯ್ಡ್ ಬೇಕಲ್ಲ ಅಂತ ನಿಮಗೆ ಅನ್ನಿಸಬಹುದು. ಬೇಡ, ಎರಡು ಸಾಕು. ಒಂದೊಂದೂ ಎರಡು ಸ್ಥಿತಿಯಲ್ಲಿ ಇರಬಲ್ಲದು: ಕರೆಂಟು ಇದೆ, ಕರೆಂಟು ಇಲ್ಲ. ಎರಡನ್ನು ಸೇರಿಸಿದರೆ 2 × 2 = 4 ಜೋಡಣೆಗಳು. ನಮ್ಮ ಮನೆಗಳ ಜಕಾರ್ಡ್ ಮಗ್ಗ ನೋಡಿದ ಮಕ್ಕಳಿಗೆ ಇದು ಹೊಸದಲ್ಲ. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಇದೆ, ಇಲ್ಲ ಎಂಬ ಎರಡೇ ಮಾತಿನಿಂದ ಸೀರೆಯ ಅಂಚಿನಲ್ಲಿ ನವಿಲು ಮೂಡುತ್ತದೆ.

ಮೇಲೆ ಹೇಳಿದ ಗೇರ್‌ಬಾಕ್ಸಿನಲ್ಲಿ ಜೋಡಣೆ ಹೀಗಿದೆ. ಸೊಲೆನಾಯ್ಡ್‌ಗಳನ್ನು ‘ಎ’, ‘ಬಿ’ ಎಂದು ಕರೆಯೋಣ. ಕರೆಂಟು ಇದ್ದರೆ 1, ಇಲ್ಲದಿದ್ದರೆ 0.

ಮೊದಲನೇ ಗೇರ್: ಎ = 1, ಬಿ = 1
ಎರಡನೇ ಗೇರ್: ಎ = 0, ಬಿ = 1
ಮೂರನೇ ಗೇರ್: ಎ = 0, ಬಿ = 0
ನಾಲ್ಕನೇ ಗೇರ್: ಎ = 1, ಬಿ = 0

ಬೇರೆ ಕಂಪನಿಗಳ ಪೆಟ್ಟಿಗೆಯಲ್ಲಿ ಜೋಡಣೆ ಬೇರೆ ಇರುತ್ತದೆ. ಆದರೆ ಈ ಪಟ್ಟಿಯನ್ನು ಸ್ವಲ್ಪ ಗಮನಿಸಿ. ಎರಡಕ್ಕೂ ಕರೆಂಟು ಇಲ್ಲದಿದ್ದರೆ ಯಾವ ಗೇರ್? ಮೂರನೆಯದು. ಇದು ಆಕಸ್ಮಿಕವಲ್ಲ. ಫ್ಯೂಸ್ ಹೋಗಲಿ, ವೈರು ಕಡಿಯಲಿ, ಕಂಪ್ಯೂಟರೇ ಕೆಡಲಿ, ಕಾರು ನಡುರಸ್ತೆಯಲ್ಲಿ ನಿಲ್ಲಬಾರದು. ಕುಂಟುತ್ತಲಾದರೂ ಮನೆಗೋ ವರ್ಕ್‌ಶಾಪಿಗೋ ತಲುಪಬೇಕು. ವೇಗದಲ್ಲಿ ಹೋಗುತ್ತಿರುವಾಗ ಕರೆಂಟು ಹೋಗಿ ಏಕಾಏಕಿ ಮೊದಲನೇ ಗೇರ್ ಬಿದ್ದರೆ ಗಾಡಿ ಹಿಡಿತ ತಪ್ಪಿಬಿಡುತ್ತದೆ. ಅದಕ್ಕೇ ನಡುವಿನ ಗೇರ್. ಕಂಪ್ಯೂಟರಿಗೆ ಅನುಮಾನ ಬಂದರೂ ತಾನಾಗಿ ಕರೆಂಟು ನಿಲ್ಲಿಸಿ ಈ ಸ್ಥಿತಿಗೆ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಕೀ ತೆಗೆದು ಹಾಕುವ ತನಕ ಅದು ಪಟ್ಟು ಬಿಡುವುದಿಲ್ಲ.

ಮಾವನ ಕಾರು ಮಾಡುತ್ತಿದ್ದದ್ದು ಇದನ್ನೇ. ಅದರ ಗೇರುಗಳು ಸವೆದಿರಲಿಲ್ಲ. ಅದು ಹೆದರಿ ಮೂರನೇ ಗೇರಿನಲ್ಲಿ ಕೂತಿತ್ತು. ಹೆದರಿಕೆ ಎಲ್ಲಿಂದ ಬಂತು ಎಂಬುದೇ ಪ್ರಶ್ನೆ.

ಕಂಪ್ಯೂಟರ್ ಕೊಟ್ಟ ಸುಳಿವು

ಸೇಲಂನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಒಬ್ಬ ಹಿರಿಯರ ಹತ್ತಿರ ಕಾರು ಒಯ್ದೆವು. ಮನೆಮಾತು ನಮ್ಮದೇ ಕನ್ನಡ. ಓದಿದ್ದು ಎಂಟನೇ ತರಗತಿ. ಅವರು ಮೊದಲು ಕೇಳಿದ್ದು ಪ್ರಶ್ನೆಗಳನ್ನು.

“ಅಣ್ಣಾ, ತಣ್ಣಗಿದ್ದಾಗ ಬರ್ತದಾ, ಬಿಸಿಯಾದ್ ಮ್ಯಾಲೆ ಬರ್ತದಾ? ಕೀ ತೆಗ್ದು ಹಾಕುದ್ರೆ ಸರಿ ಹೋಗ್ತದಾ? ಎಣ್ಣೆ ಸುಟ್ಟ ವಾಸ್ನೆ ಏನಾರ ಬಂತಾ?”

ಮಾವ ಎಲ್ಲದಕ್ಕೂ ಉತ್ತರ ಕೊಟ್ಟರು. ಎಣ್ಣೆಯ ಕಡ್ಡಿ ತೆಗೆದು ನೋಡಿದರೆ ಮಟ್ಟ ಸರಿ ಇತ್ತು, ಬಣ್ಣ ಕೆಂಪು, ಸುಟ್ಟ ವಾಸನೆ ಇಲ್ಲ. ಕ್ಲಚ್ ತಟ್ಟೆಗಳು ಸುಟ್ಟಿದ್ದರೆ ಎಣ್ಣೆ ಕಪ್ಪಾಗಿ ಕಮರು ವಾಸನೆ ಬರುತ್ತದೆ. ಅಲ್ಲಿಗೆ, “ಒಳಗಡೆ ಏನೂ ಆಗಿಲ್ಲ ಅನ್ಸ್ತದೆ” ಅಂದರು.

ಆಮೇಲೆ ಸ್ಕ್ಯಾನರ್ ಹಚ್ಚಿದರು. ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಒಂದು ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ‘ಪಿ 07’ ಎಂದು ಶುರುವಾದರೆ ಅದು ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. ಪಿ 0715 ಎಂದರೆ ಒಳದಂಡದ ವೇಗದ ಸೆನ್ಸರ್, ಪಿ 0720 ಎಂದರೆ ಹೊರದಂಡದ್ದು. ನಮಗೆ ಸಿಕ್ಕಿದ್ದು ಎರಡು ಸಂಖ್ಯೆ: ಪಿ 0753, ಪಿ 0758. ಮೊದಲನೆಯದು ‘ಎ’ ಸೊಲೆನಾಯ್ಡಿನ ವಿದ್ಯುತ್ ದೋಷ, ಎರಡನೆಯದು ‘ಬಿ’ ಸೊಲೆನಾಯ್ಡಿನ ವಿದ್ಯುತ್ ದೋಷ.

ಇಲ್ಲಿ ಒಂದು ಮುಖ್ಯ ಮಾತು. ಈ ಸಂಖ್ಯೆ ‘ಎ ಸೊಲೆನಾಯ್ಡ್ ಕೆಟ್ಟಿದೆ’ ಎಂದು ಹೇಳುವುದಿಲ್ಲ. ‘ಅದರ ಮಂಡಲದಲ್ಲಿ ಏನೋ ಸರಿಯಿಲ್ಲ’ ಎಂದು ಮಾತ್ರ ಹೇಳುತ್ತದೆ. ಮಂಡಲ ಎಂದರೆ ಬ್ಯಾಟರಿ, ಫ್ಯೂಸ್, ವೈರು, ಕನೆಕ್ಟರ್, ಸುರುಳಿ, ಕಂಪ್ಯೂಟರ್, ಮತ್ತೆ ಅರ್ತ್. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಯಾಕೆ ಬಂತು ಎಂದು ಹೇಳುವುದು ಡಾಕ್ಟರ ಕೆಲಸ.

“ಮೇಷ್ಟ್ರೇ, ಒಂದೇ ದಿನ ಎರಡೂ ಯಾಕ್ ಕೆಡ್ತವೆ?” ಅಂತ ಅವರು ನನ್ನನ್ನು ಕೇಳಿದರು. ನಾನು ಯೋಚಿಸಿದೆ. ಬೀದಿಯಲ್ಲಿ ಎರಡು ಮನೆಯ ಬಲ್ಬು ಒಟ್ಟಿಗೆ ಆರಿದರೆ ಎರಡೂ ಬಲ್ಬು ಒಟ್ಟಿಗೆ ಸುಟ್ಟವು ಅನ್ನುತ್ತೇವಾ? ಕಂಬದ ಕಡೆ ನೋಡುತ್ತೇವೆ. ಇಬ್ಬರಿಗೂ ಸೇರಿದ್ದು ಯಾವುದೋ ಅದನ್ನು ಮೊದಲು ಅನುಮಾನಿಸಬೇಕು. ಈ ಕಾರಿನಲ್ಲಿ ಎರಡು ಸೊಲೆನಾಯ್ಡಿಗೂ ಫ್ಯೂಸಿನಿಂದ ಒಂದೇ ವೈರಿನಲ್ಲಿ ಕರೆಂಟು ಬರುತ್ತದೆ. ಅಲ್ಲಿಂದ ಮುಂದೆ ಒಂದೊಂದರದೂ ಬೇರೆ ಬೇರೆ ವೈರಾಗಿ ಕಂಪ್ಯೂಟರಿಗೆ ಹೋಗುತ್ತದೆ.

ನಾನು ಎಡವಿದ ಜಾಗ

ನನ್ನ ಹತ್ತಿರ ಶಾಲೆಯ ಪ್ರಯೋಗಕ್ಕೆ ಇಟ್ಟುಕೊಂಡ ಡಿಜಿಟಲ್ ಮಲ್ಟಿಮೀಟರ್ ಇತ್ತು. ಉತ್ಸಾಹದಿಂದ ನಾನೇ ಅಳೆಯಲು ಹೋದೆ. ಗೇರ್‌ಬಾಕ್ಸಿನ ಕನೆಕ್ಟರ್ ಬಿಚ್ಚಿ, ಮೊದಲು ಎರಡೂ ಸುರುಳಿಗಳ ರೋಧ ನೋಡಿದೆವು. ಒಂದೊಂದೂ 24 ಓಮ್. ಸುರುಳಿ ಕಡಿದಿದ್ದರೆ ಅನಂತ ಬರಬೇಕಿತ್ತು, ಒಳಗೆ ತಾಗಿದ್ದರೆ ಸೊನ್ನೆಯ ಹತ್ತಿರ ಬರಬೇಕಿತ್ತು. ಎರಡೂ ಅಲ್ಲ. ಸುರುಳಿಗಳು ಚೆನ್ನಾಗಿವೆ.

ಆಮೇಲೆ ಕೀ ಹಾಕಿ, ಇಂಜಿನ್ ಓಡಿಸದೆ, ಕರೆಂಟು ತರುವ ವೈರಿನ ತುದಿಯಲ್ಲಿ ವೋಲ್ಟೇಜ್ ನೋಡಿದೆ. 12.4. ಬ್ಯಾಟರಿಯಲ್ಲೂ 12.4. “ವೈರು ಸರಿಯಾಗಿದೆ” ಅಂತ ತೀರ್ಪು ಕೊಟ್ಟುಬಿಟ್ಟೆ.

ಆ ಹಿರಿಯರು ನಕ್ಕು, ಒಂದು ಪುಟ್ಟ 5 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿದ್ದನ್ನು ತೆಗೆದರು. ಒಂದು ತುದಿ ಅದೇ ವೈರಿಗೆ, ಇನ್ನೊಂದು ಅರ್ತಿಗೆ. ಬಲ್ಬು ಕೆಂಪಗೆ, ಮಂಕಾಗಿ ಉರಿಯಿತು. “ಈಗ ನಿಮ್ ಮೀಟರ್ ಇಕ್ಕಿ ನೋಡಿ.” ಇಟ್ಟೆ. ಬಲ್ಬಿನ ಎರಡು ತುದಿಗಳ ನಡುವೆ 8 ವೋಲ್ಟ್! ಈಗಷ್ಟೇ 12.4 ಇದ್ದದ್ದು ಎಲ್ಲಿ ಹೋಯಿತು?

ಓಮ್‌ನ ನಿಯಮ ಹಾಕಿ ನೋಡೋಣ. ವಿಭವಾಂತರ = ವಿದ್ಯುತ್ ಪ್ರವಾಹ × ರೋಧ. ವೈರಿನಲ್ಲಿ ಎಲ್ಲೋ 12 ಓಮಿನಷ್ಟು ಬೇಡದ ರೋಧ ಇದೆ ಎಂದುಕೊಳ್ಳಿ. ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದರ ಮೂಲಕ ಹರಿಯುವ ಪ್ರವಾಹ ಎಷ್ಟು ಅಲ್ಪವೆಂದರೆ, ಆ 12 ಓಮಿನಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ಲಕ್ಷದಲ್ಲಿ ಒಂದೂವರೆ ಪಾಲು. ಮೀಟರಿಗೆ ಅದು ಕಾಣುವುದೇ ಇಲ್ಲ. ಬಲ್ಬು ಹಾಗಲ್ಲ. ಅದು ಸುಮಾರು 0.35 ಆಂಪಿಯರ್ ಎಳೆಯುತ್ತದೆ. 0.35 × 12 = 4.2 ವೋಲ್ಟ್ ವೈರಿನಲ್ಲೇ ಕಳೆದುಹೋಯಿತು. ಉಳಿದದ್ದು 8ರ ಹತ್ತಿರ.

ನಲ್ಲಿಯನ್ನು ನೆನೆಯಿರಿ. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ತೆರೆದಾಗ ತಾನೇ ನೀರು ತೊಟ್ಟಿಕ್ಕುವುದು ತಿಳಿಯುವುದು. ಕೆಲಸ ಮಾಡಿಸಿಯೇ ಕೆಲಸಗಾರನನ್ನು ಅಳೆಯಬೇಕು. ಇಷ್ಟು ವರ್ಷ ಹಲಗೆಯ ಮೇಲೆ ಆ ಸೂತ್ರ ಬರೆದಿದ್ದೇನೆ. ಅದರ ಈ ಅರ್ಥ ನನಗೆ ಹೊಳೆದದ್ದು ಆ ದಿನ, ಆ ಮಂಕು ಬಲ್ಬಿನಿಂದ.

ಈಗ ಸೊಲೆನಾಯ್ಡಿನ ಪಾಡು ನೋಡಿ. ಮೊದಲನೇ ಗೇರಿಗೆ ಎರಡೂ ಬೇಕು. ತಲಾ 24 ಓಮಿನ ಎರಡು ಸುರುಳಿ ಸಮಾಂತರದಲ್ಲಿ ಸೇರಿದರೆ 12 ಓಮ್. ವೈರಿನಲ್ಲೂ 12 ಓಮ್ ಇದ್ದರೆ ವೋಲ್ಟೇಜ್ ಅರ್ಧಕ್ಕರ್ಧ ಹಂಚಿಹೋಗುತ್ತದೆ. ಸುರುಳಿಗೆ ಸಿಗುವುದು 6 ವೋಲ್ಟ್. ಅರ್ಧ ಆಂಪಿಯರ್ ಹರಿಯಬೇಕಾದಲ್ಲಿ ಕಾಲು ಆಂಪಿಯರ್. ಕಡ್ಡಿಯನ್ನು ಎಳೆಯಲು ಆ ಆಯಸ್ಕಾಂತಕ್ಕೆ ಶಕ್ತಿ ಸಾಲದು.

ಬಿಸಿಯಾದಾಗ ಮಾತ್ರ ಯಾಕೆ?

ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.39 ಶೇಕಡ ಏರುತ್ತದೆ. ಬೆಳಿಗ್ಗೆ 25 ಡಿಗ್ರಿ ಇದ್ದ ಗೇರ್‌ಬಾಕ್ಸ್ ಎಣ್ಣೆ ಘಾಟಿ ಹತ್ತುವಾಗ 105 ಡಿಗ್ರಿ ಮುಟ್ಟಿತು ಎನ್ನಿ. 80 ಡಿಗ್ರಿ ಹೆಚ್ಚಳಕ್ಕೆ ರೋಧ 31 ಶೇಕಡ ಏರುತ್ತದೆ. 24 ಓಮ್ ಇದ್ದ ಸುರುಳಿ 31 ಓಮ್ ದಾಟುತ್ತದೆ. ಚೆನ್ನಾಗಿರುವ ಕಾರು ಇದನ್ನು ತಾಳಿಕೊಳ್ಳುತ್ತದೆ, ಏಕೆಂದರೆ ತಯಾರಿಸುವವರು ಅದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಆದರೆ ವೈರಿನಲ್ಲಿ ಮೊದಲೇ ದೋಷ ಇದ್ದರೆ ಈ ಬಿಸಿ ಅದರ ಮೇಲೆ ಇನ್ನೊಂದು ಹೊರೆ. ಜೊತೆಗೆ ಬಿಸಿಗೆ ವೈರು ಹಿಗ್ಗುತ್ತದೆ, ಇಂಜಿನ್ ಅದುರುತ್ತದೆ. ತಣ್ಣಗಿದ್ದಾಗ ಒಂದಕ್ಕೊಂದು ತಾಗಿಕೊಂಡಿದ್ದ ಮುರಿದ ಎಳೆಗಳು ಆಗ ಬಿಟ್ಟುಕೊಳ್ಳುತ್ತವೆ. ಒಂದು ಕ್ಷಣ ಪೂರ್ತಿ ಕರೆಂಟು ಕಡಿದರೂ ಸಾಕು, ಕಂಪ್ಯೂಟರ್ ಅದನ್ನು ಬರೆದಿಟ್ಟುಕೊಂಡು ಮೂರನೇ ಗೇರಿಗೆ ಓಡಿಬಿಡುತ್ತದೆ.

ದೋಷ ಸಿಕ್ಕಿದ್ದು, ರಿಪೇರಿ ಆದದ್ದು

ಜಾಗ ಹುಡುಕುವ ಉಪಾಯವೂ ಸರಳ. ಬಲ್ಬು ಉರಿಯುತ್ತಿರುವಾಗಲೇ ಅವರು ವೈರಿನ ಕಟ್ಟನ್ನು ಫ್ಯೂಸ್ ಪೆಟ್ಟಿಗೆಯಿಂದ ಗೇರ್‌ಬಾಕ್ಸಿನವರೆಗೆ ಗೇಣು ಗೇಣಾಗಿ ಮೆಲ್ಲಗೆ ಅಲುಗಿಸುತ್ತ ಬಂದರು. ನನ್ನ ಕಣ್ಣು ಬಲ್ಬಿನ ಮೇಲೆ. ಹೊಗೆ ಕೊಳವೆಯ ಹತ್ತಿರ ಬಂದಾಗ ಬಲ್ಬು ಮಿಣಮಿಣ ಅಂದಿತು. “ಸಿಕ್ತು” ಅಂದರು.

ಅಲ್ಲಿ ವೈರನ್ನು ಹಿಡಿದಿದ್ದ ಕ್ಲಿಪ್ ಮುರಿದಿತ್ತು. ಜೋತುಬಿದ್ದ ವೈರು ಬಿಸಿ ಕೊಳವೆಯ ಪಕ್ಕದ ತಗಡಿಗೆ ಉಜ್ಜಿ ಉಜ್ಜಿ ಹೊದಿಕೆ ಹರಿದಿತ್ತು. ಮಳೆನೀರು ಸೇರಿ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು. ದೇವರಮನೆಯ ತಾಮ್ರದ ಚೊಂಬು ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುವುದಿಲ್ಲವೇ? ಇದೂ ಅದೇ. ಕಿಲುಬಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಎಷ್ಟೋ ಎಳೆಗಳಲ್ಲಿ ಒಂದೆರಡು ಮಾತ್ರ ಅರೆಬರೆ ತಾಗಿಕೊಂಡಿದ್ದವು.

ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಕೆಲಸ ಶುರು ಮಾಡಿದರು. ಹಸಿರಾದ ಭಾಗವನ್ನು ಎರಡೂ ಕಡೆ ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿದರು. ಅಷ್ಟೇ ದಪ್ಪದ ಹೊಸ ವೈರು ಸೇರಿಸಿ ಬೆಸುಗೆ ಹಾಕಿದರು. ಬಿಸಿ ಮಾಡಿದರೆ ಬಿಗಿಯಾಗುವ ತೋಳು ತೊಡಿಸಿದರು. ಬರಿ ಟೇಪು ಸುತ್ತಿದರೆ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕಡೆಗೆ ವೈರನ್ನು ಕೊಳವೆಯಿಂದ ದೂರ ಸರಿಸಿ ಹೊಸ ಕ್ಲಿಪ್ ಹಾಕಿದರು. ವೈರು ಯಾಕೆ ಕೆಟ್ಟಿತೋ ಆ ಕಾರಣವನ್ನು ತೆಗೆಯದೆ ವೈರು ಮಾತ್ರ ಬದಲಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಗತಿ.

ಮತ್ತೆ ಅದೇ ಬಲ್ಬಿನ ಪರೀಕ್ಷೆ. ಈ ಸಲ ಬೆಳ್ಳಗೆ ಉರಿಯಿತು. ಮೀಟರಿನಲ್ಲಿ 12.3. ಸ್ಕ್ಯಾನರಿನಿಂದ ಹಳೆಯ ಸಂಖ್ಯೆಗಳನ್ನು ಅಳಿಸಿ, ಕಾರನ್ನು ತೊಪ್ಪೂರಿನ ತನಕ ಓಡಿಸಿ ಬಿಸಿ ಮಾಡಿ ಬಂದೆವು. ಬಿಸಿಯಲ್ಲಿ ಬರುವ ದೋಷವನ್ನು ಬಿಸಿಯಲ್ಲೇ ಪರೀಕ್ಷಿಸಬೇಕು. ದೀಪ ಹತ್ತಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಗೇರುಗಳೂ ಬಂದವು. ಖರ್ಚಾದದ್ದು ಅವರ ಅರ್ಧ ದಿನದ ಕೂಲಿ, ಒಂದು ಮೊಳ ವೈರು. ಮಾವ ದುಡ್ಡು ಕೊಡುವಾಗ ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಇಳಿಜಾರಿನ ಲೆಕ್ಕ

ಹತ್ತುವುದಕ್ಕಿಂತ ಇಳಿಯುವಾಗ ಈ ದೋಷ ಹೆಚ್ಚು ಅಪಾಯ. ಏರ್ಕಾಡಿನ ಉದಾಹರಣೆ ತೆಗೆದುಕೊಳ್ಳಿ. ಅದು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ. ಸೇಲಂ 300 ಮೀಟರಿಗಿಂತ ಕೆಳಗೆ. ನಡುವೆ 20 ಮುಡಿಪಿನ್ ತಿರುವುಗಳು. 1200 ಕಿಲೊ ತೂಕದ ಕಾರು 1200 ಮೀಟರ್ ಇಳಿದರೆ ಕಳೆದುಕೊಳ್ಳುವ ಸ್ಥಿತಿಶಕ್ತಿ ಎಷ್ಟು?

ದ್ರವ್ಯರಾಶಿ × ಗುರುತ್ವ × ಎತ್ತರ = 1200 × 10 × 1200 = 1,44,00,000 ಜೂಲ್.

ಇದು 30 ಡಿಗ್ರಿಯ ಸುಮಾರು 49 ಲೀಟರ್ ನೀರನ್ನು ಕುದಿಯುವ ಬಿಸಿಗೆ ತರಲು ಸಾಕು. ಗಾಳಿಯ ತಡೆ, ಟೈರಿನ ತಡೆ ಒಂದು ಪಾಲು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಯಾರಾದರೂ ಹೊರಬೇಕು. ಕಡಿಮೆ ಗೇರಿನಲ್ಲಿ ಇಳಿದರೆ ಇಂಜಿನ್ ಅದರ ದೊಡ್ಡ ಪಾಲನ್ನು ಹೊರುತ್ತದೆ. ಹಿಡಿಯನ್ನು ‘2’ ಅಥವಾ ‘ಎಲ್’ಗೆ ಇಡುವುದು ಇದಕ್ಕೇ. ಕರೆಂಟು ಹೋಗಿ ಮೂರನೇ ಗೇರಿನಲ್ಲಿ ಸಿಕ್ಕಿಕೊಂಡ ಕಾರಿಗೆ ಈ ಸಹಾಯ ತುಂಬ ಕಡಿಮೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕು ಮಿತಿಮೀರಿ ಕಾದರೆ ಹಿಡಿತ ಕಡಿಮೆಯಾಗುತ್ತದೆ. ಮನೆಯಲ್ಲಿ ಆಟೊಮ್ಯಾಟಿಕ್ ಕಾರು ಇರುವವರು ಈ ಮಾತು ದೊಡ್ಡವರಿಗೆ ಹೇಳಿ: ಹಳದಿ ದೀಪ ಹತ್ತಿ ಗಾಡಿ ಭಾರವಾಗಿ ಎಳೆಯುತ್ತಿದ್ದರೆ ಘಾಟಿ ಇಳಿಯಬಾರದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ತೋರಿಸಬೇಕು.

ನೀವೇ ಮಾಡಿ ನೋಡಿ

ಕಾರಿನ ಮೇಲೆ ಪ್ರಯೋಗ ಬೇಡ. ಬಿಸಿ ಕೊಳವೆ ಸುಡುತ್ತದೆ. ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಸುಳುವುದಂತೂ ಕೂಡದು. ಬ್ಯಾಟರಿ ಕಾರುಗಳ ಕಿತ್ತಳೆ ಬಣ್ಣದ ವೈರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ಮುಟ್ಟಬೇಡಿ. ಇನ್ನೊಂದು ಮಾತು: ಬಲ್ಬಿನ ಪರೀಕ್ಷೆ ಕರೆಂಟು ತರುವ ವೈರಿಗೆ ಮಾತ್ರ. ಕಂಪ್ಯೂಟರಿನ ವೈರಿಗೆ ಬಲ್ಬು ಕಟ್ಟಿದರೆ ಅದರ ಒಳಗಿನ ಭಾಗ ಸುಟ್ಟುಹೋಗಬಹುದು.

ತರಗತಿಯಲ್ಲಿ ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬು, ಎರಡೂ ತುದಿ ಚೂಪು ಮಾಡಿದ ಒಂದು ಪೆನ್ಸಿಲ್, ಶಾಲೆಯ ಮಲ್ಟಿಮೀಟರ್ ತೆಗೆದುಕೊಳ್ಳಿ. ಪೆನ್ಸಿಲಿನ ಒಳಗಿನ ಸೀಸವೇ ನಮ್ಮ ಕಿಲುಬು ಹಿಡಿದ ವೈರು. ಸೆಲ್ಲುಗಳ ಜೊತೆ ಅದನ್ನು ಸರಣಿಯಲ್ಲಿ ಸೇರಿಸಿ. ಬಲ್ಬು ಹಾಕದೆ ಮಂಡಲದ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಆಮೇಲೆ ಬಲ್ಬು ಹಾಕಿ, ಅದರ ಎರಡು ತುದಿಗಳ ನಡುವೆ ಅಳೆಯಿರಿ. ಎರಡು ಸಂಖ್ಯೆಗಳನ್ನೂ ಬರೆದಿಟ್ಟುಕೊಂಡು, ವ್ಯತ್ಯಾಸ ಎಲ್ಲಿ ಹೋಯಿತು ಎಂದು ಪಕ್ಕದವರಿಗೆ ವಿವರಿಸಿ.

ಇನ್ನು ಒಂದು ಒಗಟು. ಮೇಲಿನ ಪಟ್ಟಿಯ ಗೇರ್‌ಬಾಕ್ಸಿನಲ್ಲಿ ‘ಎ’ ಸೊಲೆನಾಯ್ಡಿನ ವೈರು ಮಾತ್ರ ಕಡಿದಿದೆ, ಕಂಪ್ಯೂಟರ್ ಅದನ್ನು ಗಮನಿಸದೆ ಅಪ್ಪಣೆ ಕೊಡುತ್ತಲೇ ಇದೆ ಎನ್ನಿ. ಎ ಯಾವಾಗಲೂ 0. ಮೊದಲನೇ ಗೇರ್ ಕೇಳಿದರೆ (1, 1) ಬದಲು (0, 1) ಆಗಿ ಎರಡನೆಯದು ಬರುತ್ತದೆ. ನಾಲ್ಕನೆಯದು ಕೇಳಿದರೆ (1, 0) ಬದಲು (0, 0) ಆಗಿ ಮೂರನೆಯದು. ಹಾಗಾಗಿ ಕಾರು ಎರಡು, ಎರಡು, ಮೂರು, ಮೂರು ಎಂದು ಓಡುತ್ತದೆ. ‘ಬಿ’ ವೈರು ಮಾತ್ರ ಕಡಿದರೆ ಹೇಗೆ ಓಡುತ್ತದೆ? ಕೆಳಗಿನ ಸಾಲು ನೋಡುವ ಮೊದಲು ಕಾಗದದ ಮೇಲೆ ಬಿಡಿಸಿ.

ಉತ್ತರ: ನಾಲ್ಕು, ಮೂರು, ಮೂರು, ನಾಲ್ಕು. ಓಡುವ ರೀತಿಯನ್ನು ನೋಡಿಯೇ ಯಾವ ವೈರು ಎಂದು ಹೇಳಬಹುದು!

ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟರ್ ಕಾರ್ಖಾನೆಗಳಿವೆ. ಆ ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆ 2004ರವರೆಗೆ ನಮ್ಮ ಧರ್ಮಪುರಿ ಜಿಲ್ಲೆಯ ಭಾಗವೇ ಆಗಿತ್ತು. ವಾಹನಗಳ ಕೆಲಸ ನಮ್ಮ ಬಾಗಿಲಲ್ಲೇ ಇದೆ. ಐಟಿಐ ಸೇರುವವರು, ಇಂಜಿನಿಯರಿಂಗ್ ಓದುವವರು, ವೈರಿಂಗ್ ಅಂಗಡಿ ಇಡುವವರು, ಎಲ್ಲರೂ ನಿಮ್ಮ ನಡುವೆ ಇದ್ದೀರಿ. ಯಾರೇ ಆಗಲಿ, ಒಂದು ಬಡಕುಟುಂಬದ ಕಾರಿನ ಮುಂದೆ ನಿಂತಾಗ “ಗೇರ್‌ಬಾಕ್ಸ್ ಹೋಗಿದೆ” ಎನ್ನುವ ಮೊದಲು ಒಂದು ಬಲ್ಬು ಹಚ್ಚಿ ನೋಡಿ.

ಮಾವ ಈಗಲೂ ವಾರಕ್ಕೆ ಮೂರು ಸಲ ತೊಪ್ಪೂರು ಇಳಿಯುತ್ತಾರೆ. ಘಾಟಿ ಶುರುವಾಗುವ ಮೊದಲೇ ಹಿಡಿಯನ್ನು ‘2’ಕ್ಕೆ ಹಾಕುತ್ತಾರೆ. ಇಂಜಿನ್ ಗುರುಗುಟ್ಟುತ್ತದೆ, ಕಾರು ತಾನಾಗಿ ನಿಧಾನವಾಗುತ್ತದೆ.